ಜಾಯಿಂಟ್ ಡಿಸ್‌ಪ್ಲೇಸ್‌ಮೆಂಟ್ ರಿಸಲ್ಟ್ ಹೊರಗೆ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟ್ರಕ್ಚರಲ್ ಸಾಫ್ಟ್‌ವೇರ್‌ನಲ್ಲಿ ಕಟ್ಟಡದ ಮಾಡೆಲ್ ರನ್ ಆಗಿದೆ, ಅಂದರೆ ಲೆಕ್ಕ ಮುಗಿದಿದೆ. ಪರದೆಯ ಮೇಲೆ ಬಾಗಿದ ಆಕಾರವೂ ಕಾಣುತ್ತಿದೆ. ಆದರೆ ಆ ನಂಬರ್‌ಗಳನ್ನು ಎಕ್ಸೆಲ್‌ಗೋ ಪೈಥಾನ್‌ಗೋ ತರೋಣ ಅಂತ ಕೂತಾಗ ಗೊಂದಲ ಶುರುವಾಗುತ್ತದೆ. ಇಲ್ಲಿ ಜಾಸ್ತಿ ಮಾತು ಸ್ಯಾಪ್2000 ಮತ್ತು ಈಟ್ಯಾಬ್ಸ್ ಬಗ್ಗೆ ಇದೆ, ಯಾಕೆಂದರೆ ಎರಡರ ಎಪಿಐ (ಕೋಡ್‌ನಿಂದ ಸಾಫ್ಟ್‌ವೇರ್ ಜೊತೆ ಮಾತಾಡುವ ದಾರಿ) ಹೆಚ್ಚು ಕಡಿಮೆ ಒಂದೇ ತರಹ. ಸ್ಟಾಡ್ ಪ್ರೊ, ರೋಬೋಟ್, ಓಪನ್‌ಸೀಸ್ ಬಳಸುವವರಿಗೂ ಕೊನೆಯ ಕಡೆ ಸ್ವಲ್ಪ ಇದೆ. ಎರರ್ ಬಂದರೆ ಹೆದರಬೇಡಿ, ಅದು ನಿಮ್ಮನ್ನು ಅಲ್ಲೇ ನಿಲ್ಲಿಸಿ ಎಚ್ಚರಿಸುತ್ತದೆ. ಯಾವ ಎರರ್ ಕೂಡ ಇಲ್ಲದೆ ಸಲೀಸಾಗಿ ಬಂದು ಕೂರುವ ತಪ್ಪು ನಂಬರ್ ಇದೆಯಲ್ಲ, ನನ್ನ ಚಿಂತೆ ಪೂರ್ತಿ ಅದರದ್ದೇ.

ಜಾಯಿಂಟ್ ಡಿಸ್‌ಪ್ಲೇಸ್‌ಮೆಂಟ್ ಅಂದರೆ ನಿಜವಾಗಿ ಕೈಗೆ ಸಿಗುವುದು ಏನು?

ಜಾಯಿಂಟ್ ಅಂದರೆ ಮಾಡೆಲ್‌ನಲ್ಲಿ ಬೀಮ್, ಕಂಬಗಳು ಕೂಡುವ ಬಿಂದು; ಡಿಸ್‌ಪ್ಲೇಸ್‌ಮೆಂಟ್ ಅಂದರೆ ಅದು ಎಷ್ಟು ಸರಿಯಿತು, ತಿರುಗಿತು ಅನ್ನುವುದು. ಒಂದು ಜಾಯಿಂಟ್‌ಗೆ ಆರು ನಂಬರ್. ಮೂರು ಸರಿದಾಟದ್ದು: ಯು1, ಯು2, ಯು3. ಮೂರು ತಿರುಗಿದ್ದು: ಆರ್1, ಆರ್2, ಆರ್3. ಸರಿದದ್ದು ಉದ್ದದ ಯೂನಿಟ್‌ನಲ್ಲಿ ಬರುತ್ತದೆ, ತಿರುಗಿದ್ದು ರೇಡಿಯನ್‌ನಲ್ಲಿ. ಡಿಗ್ರಿ ಅಂದುಕೊಂಡು ಓದಿದರೆ 57 ಪಟ್ಟು ತಪ್ಪು.

ಈ ಆರು ನಂಬರ್‌ಗಳಿಗೆ ಒಂದು ವಿಳಾಸವೂ ಇರುತ್ತದೆ. ಯಾವ ಜಾಯಿಂಟ್, ಯಾವ ಲೋಡ್ ಕೇಸ್ (ಯಾವ ಭಾರಕ್ಕೆ ಮಾಡಿದ ಲೆಕ್ಕ), ಯಾವ ಸ್ಟೆಪ್ (ಆ ಲೆಕ್ಕದ ಯಾವ ಹಂತ), ಯಾವ ಅಕ್ಷ, ಯಾವ ಯೂನಿಟ್. ಈ ಐದರಲ್ಲಿ ಒಂದು ಕಳೆದುಹೋದರೂ ನಂಬರ್‌ಗೆ ಅರ್ಥ ಇಲ್ಲ. ಈ ಪುಟದ ಮುಕ್ಕಾಲು ಪ್ರಶ್ನೆಗಳು ಹುಟ್ಟುವುದು ಇದರಲ್ಲಿ ಯಾವುದೋ ಒಂದನ್ನು ದಾರಿಯಲ್ಲಿ ಬಿಟ್ಟುಬಂದಿದ್ದರಿಂದ.

ಕೋಡ್ ಬರೆಯದೆ ತೆಗೆಯಬಹುದಾ?

ಖಂಡಿತ. ಡಿಸ್‌ಪ್ಲೇ ಮೆನುವಿನಲ್ಲಿ ಶೋ ಟೇಬಲ್ಸ್ ತೆಗೆದು, ಅನಾಲಿಸಿಸ್ ರಿಸಲ್ಟ್ಸ್ ಕೆಳಗೆ ಜಾಯಿಂಟ್ ಡಿಸ್‌ಪ್ಲೇಸ್‌ಮೆಂಟ್ಸ್ ಟೇಬಲ್ ಆರಿಸಿ, ಬೇಕಾದ ಕೇಸ್‌ಗಳಿಗೆ ಟಿಕ್ ಹಾಕಿ, ಎಕ್ಸೆಲ್‌ಗೆ ಕಳಿಸಿದರೆ ಮುಗಿಯಿತು. ಒಂದೇ ಸಲದ ಕೆಲಸಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಸುಮ್ನೆ ಎಪಿಐ ಹಿಂದೆ ಹೋಗಿ ಅರ್ಧ ದಿನ ಕಳೆಯಬೇಡಿ. ಸೆಕ್ಷನ್ (ಬೀಮ್, ಕಂಬದ ಅಡ್ಡ ಆಕಾರ, ಅಳತೆ) ಬದಲಿಸಿ ಬದಲಿಸಿ ಹತ್ತಾರು ಸಲ ರನ್ ಮಾಡಬೇಕು, ಪ್ರತಿ ಸಲವೂ ಅದೇ ನಂಬರ್ ನೋಡಬೇಕು ಅನ್ನುವಾಗ ಮಾತ್ರ ಕೋಡ್ ಬರೆದದ್ದು ಸಾರ್ಥಕ.

ಟೇಬಲ್ ತೆಗೆಯುವಾಗ ದಶಮಾಂಶದ ಮೇಲೆ ಕಣ್ಣಿರಲಿ. ಯೂನಿಟ್ ಮೀಟರ್‌ನಲ್ಲಿದ್ದು, ಟೇಬಲ್ ಎರಡೇ ದಶಮಾಂಶ ತೋರಿಸುತ್ತಿದ್ದರೆ 4 ಮಿಲಿಮೀಟರ್ ಸರಿದ ಜಾಯಿಂಟ್ ಕೂಡ 0.00 ಅಂತ ಕಾಣುತ್ತದೆ. ಕಟ್ಟಡ ಅಲುಗಾಡೇ ಇಲ್ಲ ಅನ್ನಿಸುತ್ತದೆ.

ಎಪಿಐ ಮೂಲಕ ತೆಗೆಯುವ ಕ್ರಮ ಏನು?

ಮೊದಲು ಮಾಡೆಲ್ ಫೈಲ್ ಸೇವ್ ಆಗಿರಬೇಕು. ಫೈಲ್‌ಗೆ ಜಾಗವೇ ಗೊತ್ತಿಲ್ಲದಿದ್ದರೆ ರನ್‌ಅನಾಲಿಸಿಸ್ ಓಡುವುದಿಲ್ಲ, ಯಾಕೆಂದರೆ ರಿಸಲ್ಟ್ ಫೈಲ್‌ಗಳು ಅದೇ ಜಾಗದಲ್ಲಿ ಹುಟ್ಟುತ್ತವೆ. ಆಮೇಲೆ ರನ್ ಮಾಡಿ. ನಂತರ ಸೆಟ್‌ಪ್ರೆಸೆಂಟ್‌ಯೂನಿಟ್ಸ್ ಕರೆದು ನಿಮಗೆ ಬೇಕಾದ ಯೂನಿಟ್ ಇಡಿ. ಕಿಲೋನ್ಯೂಟನ್-ಮೀಟರ್‌ಗೆ 6, ನ್ಯೂಟನ್-ಮಿಲಿಮೀಟರ್‌ಗೆ 9.

ಮುಂದಿನ ಹೆಜ್ಜೆಯನ್ನೇ ಜನ ಮರೆಯುವುದು. ರಿಸಲ್ಟ್ಸ್ ಒಳಗಿನ ಸೆಟಪ್‌ನಲ್ಲಿ ಡಿಸೆಲೆಕ್ಟ್‌ಆಲ್‌ಕೇಸಸ್‌ಆಂಡ್‌ಕಾಂಬೋಸ್‌ಫಾರ್‌ಔಟ್‌ಪುಟ್ ಅಂತ ಒಂದು ಫಂಕ್ಷನ್ ಇದೆ. ಹೆಸರು ಉದ್ದ, ಕೆಲಸ ಸಣ್ಣದು: ಆಯ್ಕೆಯಾಗಿರುವ ಎಲ್ಲ ಕೇಸ್‌ಗಳನ್ನು ತೆಗೆದುಹಾಕುತ್ತದೆ. ಅದಾದ ಮೇಲೆ ಸೆಟ್‌ಕೇಸ್‌ಸೆಲೆಕ್ಟೆಡ್‌ಫಾರ್‌ಔಟ್‌ಪುಟ್‌ಗೆ ನಿಮಗೆ ಬೇಕಾದ ಕೇಸ್ ಹೆಸರು ಕೊಡಿ. ಕಾಂಬಿನೇಷನ್ (ಹಲವು ಕೇಸ್ ಸೇರಿಸಿದ್ದು) ಬೇಕಾದರೆ ಅದಕ್ಕೆ ಬೇರೆ ಫಂಕ್ಷನ್: ಸೆಟ್‌ಕಾಂಬೋಸೆಲೆಕ್ಟೆಡ್‌ಫಾರ್‌ಔಟ್‌ಪುಟ್. ಇವೆರಡನ್ನು ಅದಲು ಬದಲು ಮಾಡಿದರೆ ಹೆಸರು ಸರಿ ಇದ್ದರೂ ಏನೂ ಸಿಗುವುದಿಲ್ಲ.

ಕೊನೆಗೆ ಜಾಯಿಂಟ್‌ಡಿಸ್ಪ್ಲ್. ಇದಕ್ಕೆ ನೀವು ಕೊಡುವುದು ಎರಡೇ: ಜಾಯಿಂಟ್ ಹೆಸರು, ಅದು ಯಾವ ತರಹದ ಹೆಸರು ಅನ್ನುವ ಸೂಚನೆ. ವಾಪಸ್ ಬರುವುದು ಸಾಲುಗಳ ಸಂಖ್ಯೆ, ಆಮೇಲೆ ಆಬ್ಜೆಕ್ಟ್, ಎಲಿಮೆಂಟ್, ಲೋಡ್ ಕೇಸ್, ಸ್ಟೆಪ್ ಟೈಪ್, ಸ್ಟೆಪ್ ನಂಬರ್, ಆರು ಡಿಸ್‌ಪ್ಲೇಸ್‌ಮೆಂಟ್. ಎಲ್ಲವೂ ಸಮಾನ ಉದ್ದದ ಅರೇಗಳು, ಒಂದೇ ಇಂಡೆಕ್ಸ್ ಹಿಡಿದು ಅಡ್ಡಕ್ಕೆ ಓದಿದರೆ ಒಂದು ಪೂರ್ತಿ ಸಾಲು.

ಕರೆದೆ, ಆದರೆ ಸೊನ್ನೆ ಸಾಲು ಬಂತು. ಯಾಕೆ?

ಮೊದಲು ಫಂಕ್ಷನ್ ವಾಪಸ್ ಕೊಟ್ಟ ರಿಟರ್ನ್ ಬೆಲೆ ನೋಡಿ. 0 ಅಂದರೆ ಕೆಲಸ ಆಗಿದೆ, ಬೇರೆ ಏನಿದ್ದರೂ ಆಗಿಲ್ಲ. ತುಂಬಾ ಜನ ಈ ಬೆಲೆಯನ್ನು ನೋಡುವುದೇ ಇಲ್ಲ, ಖಾಲಿ ಅರೇಯಲ್ಲಿ ಮೊದಲನೇ ಅಂಶ ಕೇಳಿ ಅಲ್ಲಿ ಎರರ್ ತಿನ್ನುತ್ತಾರೆ, ಆಮೇಲೆ ಪೈಥಾನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಸಾಮಾನ್ಯ ಕಾರಣಗಳು ಕೆಲವೇ. ಯಾವ ಕೇಸ್ ಕೂಡ ಔಟ್‌ಪುಟ್‌ಗೆ ಆಯ್ಕೆಯಾಗಿಲ್ಲ. ಅಥವಾ ಕೇಸ್ ರನ್‌ಗೆ ಸೇರಿರಲಿಲ್ಲ. ಅಥವಾ ಲೋಡ್ ಪ್ಯಾಟರ್ನ್ (ಹಾಕಿದ ಭಾರಗಳ ಗುಂಪು; ಅದರ ಮೇಲೆ ಮಾಡುವ ಲೆಕ್ಕವೇ ಕೇಸ್) ಹೆಸರನ್ನು ಕೇಸ್ ಹೆಸರು ಅಂದುಕೊಂಡಿದ್ದೀರಿ. ಹೊಸ ಪ್ಯಾಟರ್ನ್ ಮಾಡಿದಾಗ ಅದೇ ಹೆಸರಿನ ಕೇಸ್ ಸಾಮಾನ್ಯವಾಗಿ ತಾನಾಗಿ ಹುಟ್ಟುತ್ತದೆ, ಆದರೆ ಕೋಡ್‌ನಿಂದ ಪ್ಯಾಟರ್ನ್ ಸೇರಿಸುವಾಗ ಕೇಸ್ ಬೇಡ ಅಂತ ಹೇಳಿದ್ದರೆ ಹುಟ್ಟುವುದಿಲ್ಲ. ಜಾಯಿಂಟ್ ಹೆಸರೇ ತಪ್ಪಿರುವ ಸಾಧ್ಯತೆಯೂ ಇದೆ.

ಹೆಸರು ಹೇಗೆ ತಪ್ಪಾಗುತ್ತದೆ? ಪರದೆಯಲ್ಲಿ ನೋಡಿಯೇ ಬರೆದೆ.

ಜಾಯಿಂಟ್ ಹೆಸರು ನಂಬರ್ ತರಹ ಕಂಡರೂ ಅದು ಸ್ಟ್ರಿಂಗ್. ಎಕ್ಸೆಲ್‌ನಿಂದ ಓದಿದಾಗ 12 ಅನ್ನುವುದು 12.0 ಆಗಿ ಬಂದಿರಬಹುದು. ಆ ಹೆಸರಿನ ಜಾಯಿಂಟ್ ಮಾಡೆಲ್‌ನಲ್ಲಿ ಇಲ್ಲ. ಹೆಸರಿನ ಪ್ರಕಾರ ವಿಂಗಡಿಸಿದರೆ 10 ಎನ್ನುವುದು 2ಕ್ಕಿಂತ ಮುಂದೆ ಬರುವುದೂ ಇದೇ ಕಾರಣಕ್ಕೆ.

ಈಟ್ಯಾಬ್ಸ್‌ನಲ್ಲಿ ಇನ್ನೊಂದು ಸುತ್ತು ಇದೆ. ಅಲ್ಲಿ ಒಂದೇ ಜಾಯಿಂಟ್‌ಗೆ ಲೇಬಲ್ ಇರುತ್ತದೆ, ಯೂನಿಕ್ ನೇಮ್ ಬೇರೆ ಇರುತ್ತದೆ. ಒಂದೇ ಲೇಬಲ್ ಎಲ್ಲ ಮಹಡಿಯಲ್ಲೂ ಬರುತ್ತದೆ, ಯಾಕೆಂದರೆ ಒಂದರ ಮೇಲೊಂದು ನೇರವಾಗಿ ನಿಂತ ಜಾಯಿಂಟ್‌ಗಳಿಗೆ ಲೇಬಲ್ ಒಂದೇ. ಎಪಿಐ ಕೇಳುವುದು ಯೂನಿಕ್ ನೇಮ್. ನೀವು ಲೇಬಲ್ 7 ಅಂತ ನೋಡಿ 7 ಎಂದು ಕೊಟ್ಟರೆ, ಯೂನಿಕ್ ನೇಮ್ 7 ಇರುವ ಬೇರೆ ಯಾವುದೋ ಮಹಡಿಯ ಬೇರೆ ಯಾವುದೋ ಮೂಲೆಯ ಜಾಯಿಂಟ್‌ನ ನಂಬರ್ ಬರುತ್ತದೆ. ಎರರ್ ಇಲ್ಲ. ನಾನು ಮೇಲೆ ಹೇಳಿದ ಚಿಂತೆ ಇದೇ. ಪಾಯಿಂಟ್‌ಆಬ್ಜ್ ಒಳಗೆ ಗೆಟ್‌ನೇಮ್‌ಫ್ರಮ್‌ಲೇಬಲ್ ಇದೆ, ಲೇಬಲ್ ಮತ್ತು ಮಹಡಿ ಕೊಟ್ಟರೆ ಸರಿಯಾದ ಹೆಸರು ಕೊಡುತ್ತದೆ. ಅದನ್ನೇ ಬಳಸಿ.

ಕೋಡ್‌ನಿಂದ ಫ್ರೇಮ್ (ಬೀಮ್ ಅಥವಾ ಕಂಬ) ಎಳೆದವರು ಫ್ರೇಮ್‌ಆಬ್ಜ್ ಒಳಗಿನ ಗೆಟ್‌ಪಾಯಿಂಟ್ಸ್ ಕರೆದು ಎರಡು ತುದಿಯ ಜಾಯಿಂಟ್ ಹೆಸರನ್ನು ಸಾಫ್ಟ್‌ವೇರ್‌ನಿಂದಲೇ ಕೇಳಿ ತಿಳಿಯಿರಿ. ಊಹೆ ಬೇಡ.

ಆಬ್ಜೆಕ್ಟ್, ಎಲಿಮೆಂಟ್, ಗ್ರೂಪ್, ಸೆಲೆಕ್ಷನ್: ಯಾವುದನ್ನು ಕೊಡಬೇಕು?

0 ಅಂದರೆ ನೀವು ಎಳೆದ ಆಬ್ಜೆಕ್ಟ್. 1 ಅಂದರೆ ಅನಾಲಿಸಿಸ್ ಮಾಡೆಲ್‌ನ ಎಲಿಮೆಂಟ್. 2 ಅಂದರೆ ಗ್ರೂಪ್. 3 ಅಂದರೆ ಈಗ ಪರದೆಯಲ್ಲಿ ಆಯ್ಕೆಯಾಗಿರುವವು, ಇದರಲ್ಲಿ ಹೆಸರನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆಬ್ಜೆಕ್ಟ್ ಮತ್ತು ಎಲಿಮೆಂಟ್ ಬೇರೆ ಯಾಕೆ ಅಂದರೆ, ನೀವು ಒಂದು ಸ್ಲ್ಯಾಬ್ ಎಳೆದರೆ ರನ್ ಹೊತ್ತಿಗೆ ಸಾಫ್ಟ್‌ವೇರ್ ಅದನ್ನು ಚೂರು ಚೂರು ಮೆಶ್ ಮಾಡಿ ನಡುವೆ ತನ್ನದೇ ಜಾಯಿಂಟ್‌ಗಳನ್ನು ಹುಟ್ಟಿಸುತ್ತದೆ. ಸ್ಯಾಪ್2000ನಲ್ಲಿ ಅವುಗಳ ಹೆಸರಿನ ಮುಂದೆ ~ ಚಿಹ್ನೆ ಇರುತ್ತದೆ. ಅವಕ್ಕೆ ಆಬ್ಜೆಕ್ಟ್ ಹೆಸರು ಇಲ್ಲ, ಆ ಜಾಗ ಖಾಲಿ. ಅವುಗಳ ಹೆಸರನ್ನು ನಂಬಿ ಕೋಡ್ ಬರೆಯಬೇಡಿ, ಮೆಶ್ ಬದಲಾದರೆ ಹೆಸರೂ ಬದಲಾಗುತ್ತದೆ. ಆ ಜಾಗದ ನಂಬರ್ ನಿಮಗೆ ಮುಖ್ಯ ಅಂತಾದರೆ ಅಲ್ಲಿ ನೀವೇ ಒಂದು ಜಾಯಿಂಟ್ ಇಡಿ.

ಪೈಥಾನ್‌ನಲ್ಲಿ ಕಾಲಂಗಳು ಅದಲು ಬದಲಾಗುತ್ತಿವೆ.

ಪೈಥಾನನ್ನು ಸಾಫ್ಟ್‌ವೇರ್‌ಗೆ ಜೋಡಿಸಲು ಕಾಮ್‌ಟೈಪ್ಸ್ ಲೈಬ್ರರಿ ಬಳಸುತ್ತಿದ್ದರೆ ಔಟ್‌ಪುಟ್ ಎಲ್ಲ ಒಂದೇ ಪಟ್ಟಿಯಾಗಿ ಬರುತ್ತದೆ, ರಿಟರ್ನ್ ಬೆಲೆ ಎಲ್ಲಕ್ಕಿಂತ ಕೊನೆಯಲ್ಲಿರುತ್ತದೆ. ಬೇರೆ ದಾರಿಯಲ್ಲಿ ಜೋಡಿಸಿದರೆ, ಉದಾಹರಣೆಗೆ ಪೈಥಾನ್‌ನೆಟ್‌ನಲ್ಲಿ, ರಿಟರ್ನ್ ಬೆಲೆ ಮೊದಲಿಗೆ ಬರುತ್ತದೆ. ಒಂದು ಕಡೆಯ ಕೋಡ್ ತಂದು ಇನ್ನೊಂದರಲ್ಲಿ ಅಂಟಿಸಿದಾಗ ಎಲ್ಲ ಒಂದು ಮನೆ ಜರುಗುತ್ತದೆ. ಯು3 ಎಂದು ನೀವು ಓದುವುದು ಯು2 ಆಗಿರುತ್ತದೆ. ಮೊದಲ ಸಲ ಇಡೀ ಪಟ್ಟಿಯನ್ನು ಪ್ರಿಂಟ್ ಮಾಡಿ ಕಣ್ಣಾರೆ ನೋಡಿ, ಆಮೇಲೆ ಹೆಸರು ಹಚ್ಚಿ.

ಯೂನಿಟ್ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಜಾಸ್ತಿ. ನನ್ನದೇ ಅನುಭವ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶೆಡ್‌ನ ಔಟ್‌ಪುಟ್ ಫೈಲ್‌ನಿಂದ ತುದಿಯ ಡಿಸ್‌ಪ್ಲೇಸ್‌ಮೆಂಟ್ ಎತ್ತಿ ರಿಪೋರ್ಟ್‌ಗೆ ಹಾಕಿದೆ. 3.8 ಅಂತ ಇತ್ತು. ಮಿಲಿಮೀಟರ್ ಅಂದುಕೊಂಡೆ. ಪುಟದ ತಲೆಯಲ್ಲಿ ಸಣ್ಣಕ್ಷರದಲ್ಲಿ ಸೆಂಟಿಮೀಟರ್ ಅಂತ ಬರೆದಿತ್ತು. ಅಂದರೆ 38 ಮಿಲಿಮೀಟರ್. ಪರಿಶೀಲನೆ ಮಾಡಿದ ಹಿರಿಯರು, ಇಷ್ಟು ತೆಳ್ಳಗಿನ ಕಂಬ ಇಷ್ಟು ಕಡಿಮೆ ಹೇಗೆ ಸರಿಯುತ್ತದೆ ಅಂತ ಕೇಳಿದ್ದರಿಂದ ಮಾತ್ರ ಅದು ಸಿಕ್ಕಿಬಿತ್ತು. ಆ ದಿನದಿಂದ ಕಾಲಂ ಹೆಸರಿನಲ್ಲೇ ಯೂನಿಟ್ ಬರೆಯದೆ ಯಾವ ಟೇಬಲ್ಲನ್ನೂ ನಾನು ಕಳಿಸಿಲ್ಲ.

ಸ್ಯಾಪ್2000 ಎಪಿಐ ಕೊಡುವುದು ಆ ಹೊತ್ತಿಗೆ ಇರುವ ಪ್ರೆಸೆಂಟ್ ಯೂನಿಟ್‌ನಲ್ಲಿ. ಬೇರೆ ಯಾರೋ ಪರದೆಯಲ್ಲಿ ಯೂನಿಟ್ ಬದಲಿಸಿ ಹೋಗಿದ್ದರೆ ನಿಮ್ಮ ಕೋಡ್‌ಗೆ ಗೊತ್ತಾಗುವುದಿಲ್ಲ. ಆದ್ದರಿಂದ ರಿಸಲ್ಟ್ ಕೇಳುವ ಮೊದಲು ಪ್ರತಿ ಸಲವೂ ಯೂನಿಟ್ ನೀವೇ ಇಡಿ.

ಯು1 ಅಂದರೆ ಎಕ್ಸ್ ದಿಕ್ಕು, ಅಲ್ವಾ?

ಸಾಮಾನ್ಯವಾಗಿ ಹೌದು, ಯಾವಾಗಲೂ ಅಲ್ಲ. ಯು1, ಯು2, ಯು3 ಎಂದರೆ ಆ ಜಾಯಿಂಟ್‌ನ ಲೋಕಲ್ 1, 2, 3 ಅಕ್ಷಗಳು. ನೀವು ಏನೂ ಮಾಡದಿದ್ದರೆ ಅವು ಗ್ಲೋಬಲ್ ಎಕ್ಸ್, ವೈ, ಜಡ್ ಜೊತೆ ಸರಿಹೊಂದಿರುತ್ತವೆ. ಆದರೆ ಓರೆ ಸಪೋರ್ಟ್ ಕೊಡಲು ಯಾರಾದರೂ ಜಾಯಿಂಟ್‌ನ ಅಕ್ಷ ತಿರುಗಿಸಿದ್ದರೆ ಆ ಜಾಯಿಂಟ್‌ನ ಯು1 ಓರೆ ದಿಕ್ಕಿನದ್ದು. ದುಂಡನೆಯ ಟ್ಯಾಂಕ್ ಮಾಡೆಲ್‌ಗಳಲ್ಲಿ ಇದು ಮಾಮೂಲು, ಅಲ್ಲಿ ಯು1 ಅನ್ನು ತ್ರಿಜ್ಯದ ದಿಕ್ಕಿಗೆ ಇಡುವುದೇ ಅನುಕೂಲ.

ಸ್ಟಾಡ್ ಪ್ರೊದಿಂದ ಬಂದವರಿಗೆ ಬೇರೆ ಎಚ್ಚರಿಕೆ. ಅಲ್ಲಿ ಮೇಲ್ಮುಖ ಅಕ್ಷ ವೈ, ಇಲ್ಲಿ ಜಡ್. ಎರಡು ಸಾಫ್ಟ್‌ವೇರ್‌ನ ರಿಸಲ್ಟ್ ಪಕ್ಕಪಕ್ಕ ಇಟ್ಟು ಹೋಲಿಸುವಾಗ ಎರಡನೇ ಕಾಲಂ ಎದುರಿಗೆ ಎರಡನೇ ಕಾಲಂ ಇಟ್ಟರೆ ಏನೂ ಹೊಂದುವುದಿಲ್ಲ.

ಒಂದೇ ಜಾಯಿಂಟ್, ಒಂದೇ ಕೇಸ್ ಕೇಳಿದೆ. ಎರಡು ಸಾಲು, ಕೆಲವು ಸಲ ಸಾವಿರ ಸಾಲು ಬರುತ್ತವೆ.

ಸ್ಟೆಪ್ ಟೈಪ್ ಕಾಲಂ ಇರುವುದೇ ಇದಕ್ಕೆ. ಸಾಮಾನ್ಯ ಲೀನಿಯರ್ ಸ್ಟ್ಯಾಟಿಕ್ ಕೇಸ್‌ಗೆ ಒಂದೇ ಸಾಲು. ಎನ್ವಲಪ್ (ಅತಿ ಹೆಚ್ಚು, ಅತಿ ಕಡಿಮೆ ಬೆಲೆ ಮಾತ್ರ ಇಡುವ) ಕಾಂಬಿನೇಷನ್‌ಗೆ ಮ್ಯಾಕ್ಸ್ ಒಂದು, ಮಿನ್ ಒಂದು. ಮೋಡಲ್ ಕೇಸ್‌ಗೆ ಪ್ರತಿ ಮೋಡ್‌ಗೂ (ಕಟ್ಟಡ ತಾನಾಗಿ ಅಲುಗುವ ಒಂದೊಂದು ಆಕಾರಕ್ಕೂ) ಒಂದು. ಟೈಮ್ ಹಿಸ್ಟರಿಗೆ (ಕ್ಷಣ ಕ್ಷಣದ ಲೆಕ್ಕಕ್ಕೆ) ಎನ್ವಲಪ್ ಕೇಳಿದ್ದೀರೋ, ಪ್ರತಿ ಸ್ಟೆಪ್ ಕೇಳಿದ್ದೀರೋ, ಕೊನೆಯ ಸ್ಟೆಪ್ ಮಾತ್ರ ಕೇಳಿದ್ದೀರೋ ಅನ್ನುವುದರ ಮೇಲೆ ಹೋಗುತ್ತದೆ. ಸೆಟಪ್‌ನಲ್ಲಿ ಸೆಟ್‌ಆಪ್ಷನ್‌ಮೋಡಲ್‌ಹಿಸ್ಟ್, ಸೆಟ್‌ಆಪ್ಷನ್‌ಡೈರೆಕ್ಟ್‌ಹಿಸ್ಟ್, ಸೆಟ್‌ಆಪ್ಷನ್‌ಎನ್‌ಎಲ್‌ಸ್ಟ್ಯಾಟಿಕ್ ಅಂತ ಬೇರೆ ಬೇರೆ ಇವೆ: 1 ಎನ್ವಲಪ್, 2 ಪ್ರತಿ ಸ್ಟೆಪ್, 3 ಕೊನೆಯದು.

ಪ್ರತಿ ಸ್ಟೆಪ್ ಕೇಳುವ ಮೊದಲು ಲೆಕ್ಕ ಹಾಕಿ. 20 ಸೆಕೆಂಡ್ ಭೂಕಂಪದ ದಾಖಲೆ, 0.01 ಸೆಕೆಂಡ್‌ಗೊಂದು ಔಟ್‌ಪುಟ್ ಅಂದರೆ ಆರಂಭದ ಸ್ಟೆಪ್ ಸೇರಿ ಒಂದು ಜಾಯಿಂಟ್‌ಗೆ 2001 ಸಾಲು. 500 ಜಾಯಿಂಟ್‌ಗೆ 10,00,500. ಎಕ್ಸೆಲ್ ಶೀಟ್‌ನಲ್ಲಿ ಹಿಡಿಸುವುದೇ 10,48,576 ಸಾಲು. 600 ಜಾಯಿಂಟ್ ಆದರೆ ಹಿಡಿಸುವುದೇ ಇಲ್ಲ.

ಎನ್ವಲಪ್‌ನಲ್ಲಿ ಮರೆಯಬಾರದ ಮಾತು ಒಂದಿದೆ. ಯು1 ಮ್ಯಾಕ್ಸ್ ಮತ್ತು ಯು2 ಮ್ಯಾಕ್ಸ್ ಒಂದೇ ಕ್ಷಣದಲ್ಲಿ ಆಗಿರಬೇಕೆಂದಿಲ್ಲ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಬರುವ ಸರಿದಾಟ ಬಹುಶಃ ಯಾವ ಕ್ಷಣದಲ್ಲೂ ಆಗಿರುವುದಿಲ್ಲ. ನಿಜವಾದ ಒಟ್ಟು ಸರಿದಾಟ ಬೇಕಾದರೆ ಪ್ರತಿ ಸ್ಟೆಪ್‌ನಲ್ಲೂ ಲೆಕ್ಕ ಮಾಡಿ, ಆಮೇಲೆ ಅದರ ಗರಿಷ್ಠ ಹುಡುಕಿ.

ರೆಸ್ಪಾನ್ಸ್ ಸ್ಪೆಕ್ಟ್ರಂ ಕೇಸ್‌ನಲ್ಲಿ ಮೇಲಿನ ಮಹಡಿಯ ಯು1ನಿಂದ ಕೆಳಗಿನ ಮಹಡಿಯ ಯು1 ಕಳೆದರೆ ಡ್ರಿಫ್ಟ್ ಸಿಗುತ್ತದೆ ಅಲ್ವಾ?

ಸಿಗುವುದಿಲ್ಲ. ಡ್ರಿಫ್ಟ್ ಅಂದರೆ ಕೆಳಗಿನ ಮಹಡಿಗೆ ಹೋಲಿಸಿ ಮೇಲಿನದ್ದು ಸರಿದದ್ದು; ರೆಸ್ಪಾನ್ಸ್ ಸ್ಪೆಕ್ಟ್ರಂ ಅಂದರೆ ಪ್ರತಿ ಮೋಡ್‌ನ ಗರಿಷ್ಠ ತೆಗೆದು ಸೇರಿಸುವ ಭೂಕಂಪದ ಲೆಕ್ಕ. ದಯವಿಟ್ಟು ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಈ ತಪ್ಪಿನಲ್ಲಿ ಡ್ರಿಫ್ಟ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಅಂದರೆ ಅಪಾಯದ ಕಡೆಗೆ ವಾಲುತ್ತದೆ.

ಎರಡು ಮಹಡಿಯ ಒಂದು ಫ್ರೇಮ್ ಅಂದುಕೊಳ್ಳಿ. ಮೊದಲ ಮೋಡ್‌ನಲ್ಲಿ ಕೆಳ ಮಹಡಿ 20 ಮಿಲಿಮೀಟರ್, ಮೇಲಿನದ್ದು 28. ಎರಡನೇ ಮೋಡ್‌ನಲ್ಲಿ ಕೆಳಗಿನದ್ದು 6, ಮೇಲಿನದ್ದು ಎದುರು ದಿಕ್ಕಿಗೆ 4. ಸಾಫ್ಟ್‌ವೇರ್ ಮೋಡ್‌ಗಳನ್ನು ವರ್ಗಗಳ ಮೊತ್ತದ ವರ್ಗಮೂಲ ತೆಗೆದು ಸೇರಿಸಿದರೆ ಕೆಳಗೆ 20.88, ಮೇಲೆ 28.28. ಇವುಗಳ ವ್ಯತ್ಯಾಸ 7.40. ಈಗ ಸರಿಯಾದ ದಾರಿಯಲ್ಲಿ ನೋಡಿ. ಮೊದಲು ಪ್ರತಿ ಮೋಡ್‌ನಲ್ಲೂ ಡ್ರಿಫ್ಟ್ ತೆಗೆಯಬೇಕು: ಮೊದಲನೆಯದರಲ್ಲಿ 8, ಎರಡನೆಯದರಲ್ಲಿ ಮೈನಸ್ 10. ಆಮೇಲೆ ಸೇರಿಸಿದರೆ 12.81. ನೀವು 7.40 ಅಂತ ಬರೆದ ಜಾಗದಲ್ಲಿ ಇರಬೇಕಾದದ್ದು 12.81!

ಸೇರಿಸುವಾಗ ಚಿಹ್ನೆ ಕಳೆದುಹೋಗುವುದೇ ಇದಕ್ಕೆ ಕಾರಣ. ಸ್ಪೆಕ್ಟ್ರಂ ರಿಸಲ್ಟ್ ಎಲ್ಲವೂ ಪಾಸಿಟಿವ್ ಆಗಿ ಬರುತ್ತದೆ, ಯಾವುದು ಯಾವ ಕಡೆಗೆ ಹೋಯಿತು ಅನ್ನುವುದು ಅದರಲ್ಲಿ ಉಳಿದಿರುವುದಿಲ್ಲ. ಈಟ್ಯಾಬ್ಸ್‌ನಲ್ಲಿ ಸ್ಟೋರಿಡ್ರಿಫ್ಟ್ಸ್, ಜಾಯಿಂಟ್‌ಡ್ರಿಫ್ಟ್ಸ್ ಫಂಕ್ಷನ್ ಬಳಸಿ. ಸ್ಯಾಪ್2000ನಲ್ಲಿ ಜನರಲೈಸ್ಡ್ ಡಿಸ್‌ಪ್ಲೇಸ್‌ಮೆಂಟ್ ಅಂತ ಒಂದು ಸೌಲಭ್ಯ ಇದೆ: ಮೇಲಿನ ಜಾಯಿಂಟ್‌ಗೆ 1, ಕೆಳಗಿನದ್ದಕ್ಕೆ ಮೈನಸ್ 1 ಅಂತ ಗುಣಕ ಕೊಟ್ಟರೆ, ಆ ವ್ಯತ್ಯಾಸವನ್ನು ಅದು ಪ್ರತಿ ಮೋಡ್‌ನಲ್ಲೂ ಲೆಕ್ಕ ಹಾಕಿ ನಂತರ ಸೇರಿಸುತ್ತದೆ. ತುಂಬಾ ಜನ ಈ ಮೆನುವನ್ನು ತೆರೆದೇ ನೋಡಿಲ್ಲ. ನೋಡಿ.

ಮೋಡಲ್ ಕೇಸ್‌ನ ಡಿಸ್‌ಪ್ಲೇಸ್‌ಮೆಂಟ್ ತುಂಬಾ ದೊಡ್ಡದು ಬಂದಿದೆ, ಕಟ್ಟಡ ಅಷ್ಟು ಸರಿಯುತ್ತದಾ?

ಇಲ್ಲ. ಮೋಡ್ ಆಕಾರಕ್ಕೆ ನಿಜವಾದ ಅಳತೆ ಇಲ್ಲ. ಯಾವ ಜಾಯಿಂಟ್ ಎಷ್ಟು ಪಾಲು ಸರಿಯುತ್ತದೆ ಅನ್ನುವ ಅನುಪಾತ ಮಾತ್ರ ಅಲ್ಲಿರುವುದು. ಚಿಹ್ನೆ ಪೂರ್ತಿ ತಿರುಗಿದ್ದರೂ ಅದು ಅದೇ ಮೋಡ್.

ಮಹಡಿಯ ಡಿಸ್‌ಪ್ಲೇಸ್‌ಮೆಂಟ್ ಅಂತ ಕೇಳುತ್ತಾರೆ. ಯಾವ ಜಾಯಿಂಟ್‌ದು ಕೊಡಲಿ?

ರಿಜಿಡ್ ಡಯಾಫ್ರಂ ಇದ್ದರೆ ಇಡೀ ಮಹಡಿ ಒಂದು ತಟ್ಟೆಯಂತೆ ಸರಿಯುತ್ತದೆ, ತಿರುಗುತ್ತದೆ. ಎಲ್ಲ ಜಾಯಿಂಟ್‌ಗಳ ಆರ್3 ಒಂದೇ ಇರಬೇಕು. ಯು1, ಯು2 ಮಾತ್ರ ಬೇರೆ ಬೇರೆ. ಆರ್3 0.0005 ರೇಡಿಯನ್ ಇದ್ದು, ಎರಡು ಮೂಲೆಗಳು ವೈ ದಿಕ್ಕಿನಲ್ಲಿ 20 ಮೀಟರ್ ದೂರ ಇದ್ದರೆ ಅವುಗಳ ಯು1ನಲ್ಲಿ 10 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ನಡುವಿನ ಜಾಯಿಂಟ್ ನೋಡಿದರೆ ತಿರುಚು ಕಾಣುವುದೇ ಇಲ್ಲ. ಡ್ರಿಫ್ಟ್ ಪರಿಶೀಲನೆಗೆ ಮೂಲೆಗಳನ್ನೇ ತೆಗೆಯಿರಿ, ನಾಲ್ಕನ್ನೂ. ಈ ಆರ್3 ಒಂದೇ ಇದೆಯಾ ಅನ್ನುವುದು ಡಯಾಫ್ರಂ ನಿಜವಾಗಿ ಹಚ್ಚಿದೆಯಾ ಅಂತ ತಿಳಿಯಲೂ ಒಳ್ಳೆಯ ಪರೀಕ್ಷೆ.

ಬೀಮ್ ನಡುವಿನ ಡಿಫ್ಲೆಕ್ಷನ್ ಬೇಕು. ಜಾಯಿಂಟ್‌ಡಿಸ್ಪ್ಲ್ ಅದನ್ನು ಕೊಡುತ್ತಿಲ್ಲ.

ಅಲ್ಲಿ ಜಾಯಿಂಟ್ ಇಲ್ಲ, ಹೇಗೆ ಕೊಡುತ್ತದೆ? ಪರದೆಯಲ್ಲಿ ಕಾಣುವ ನಯವಾದ ಬಾಗು ತುದಿಗಳ ಮತ್ತು ಲೋಡ್‌ನ ಲೆಕ್ಕದಿಂದ ಆಮೇಲೆ ಎಳೆದದ್ದು. ಬೀಮನ್ನು ನಡುವೆ ಎರಡಾಗಿ ಒಡೆದರೆ ಅಲ್ಲೊಂದು ಜಾಯಿಂಟ್ ಹುಟ್ಟುತ್ತದೆ, ನಂಬರ್ ಸಿಗುತ್ತದೆ. ಆದರೆ ಸಿಕ್ಕಿದ್ದು ಒಟ್ಟು ಸರಿದಾಟ. ಎರಡು ತುದಿಗಳೂ ಇಳಿದಿದ್ದರೆ ಅವುಗಳ ಸರಾಸರಿಯನ್ನು ಕಳೆದ ಮೇಲೆಯೇ ಬೀಮ್‌ನದ್ದೇ ಬಾಗು ಗೊತ್ತಾಗುವುದು. ಉದ್ದ ಕ್ಯಾಂಟಿಲಿವರ್ (ಒಂದೇ ತುದಿ ಬಿಗಿದ ಬೀಮ್) ಮೇಲೆ ಕೂತ ಬೀಮ್‌ನಲ್ಲಿ ಈ ಕಳೆಯುವಿಕೆ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಜಾಯಿಂಟ್‌ಡಿಸ್ಪ್ಲ್ ಮತ್ತು ಜಾಯಿಂಟ್‌ಡಿಸ್ಪ್ಲ್‌ಆಬ್ಸ್ ನಡುವೆ ಏನು ವ್ಯತ್ಯಾಸ?

ನೆಲದ ವೇಗೋತ್ಕರ್ಷ ಕೊಟ್ಟು ಮಾಡಿದ ಟೈಮ್ ಹಿಸ್ಟರಿಯಲ್ಲಿ ಮೊದಲನೆಯದು ನೆಲಕ್ಕೆ ಹೋಲಿಸಿದ ಸರಿದಾಟ, ಎರಡನೆಯದು ನೆಲದ ಸರಿದಾಟವೂ ಸೇರಿದ್ದು. ಕಂಬಗಳಲ್ಲಿ ಒತ್ತಡ ಹುಟ್ಟಿಸುವುದು ಮೊದಲನೆಯದು.

ಬಂದ ನಂಬರ್ ಸರಿ ಅಂತ ಹೇಗೆ ನಂಬುವುದು?

ಕೋಡ್ ಬರೆದ ದಿನವೇ ಒಂದು ಕ್ಯಾಂಟಿಲಿವರ್ ಮೇಲೆ ಓಡಿಸಿ ನೋಡಿ. ಎಕ್ಸ್ ದಿಕ್ಕಿಗೆ 3 ಮೀಟರ್ ಉದ್ದ, ತುದಿಯಲ್ಲಿ ಕೆಳಕ್ಕೆ 10 ಕಿಲೋನ್ಯೂಟನ್. ಇ (ವಸ್ತುವಿನ ಬಿಗಿತ) 200 ಗಿಗಾಪ್ಯಾಸ್ಕಲ್, ಐ (ಸೆಕ್ಷನ್ ಬಾಗುವುದನ್ನು ತಡೆಯುವ ಅಳತೆ) 2000 ಸೆಂಟಿಮೀಟರ್⁴, ಅಂದರೆ ಇಐ 4000 ಕಿಲೋನ್ಯೂಟನ್-ಮೀಟರ್². ಪಿಎಲ್³/3ಇಐ (ಪಿ ಭಾರ, ಎಲ್ ಉದ್ದ) ಹಾಕಿದರೆ 270/12000, ಅಂದರೆ 22.5 ಮಿಲಿಮೀಟರ್. ತುದಿಯ ತಿರುಗು ಪಿಎಲ್²/2ಇಐ, 0.01125 ರೇಡಿಯನ್.

ಸಾಫ್ಟ್‌ವೇರ್ 22.5 ಕೊಡದೆ 22.7 ಕೊಟ್ಟರೆ ಗಾಬರಿ ಬೇಡ. ಅದು ಶಿಯರ್‌ನಿಂದ (ಅಡ್ಡಕ್ಕೆ ಕತ್ತರಿಸುವ ಬಲದಿಂದ) ಆಗುವ ಸರಿದಾಟವನ್ನೂ ಸೇರಿಸುತ್ತದೆ. ಶಿಯರ್ ಏರಿಯಾ 20 ಸೆಂಟಿಮೀಟರ್² ಇದ್ದರೆ ಆ ಪಾಲು ಸುಮಾರು 0.2 ಮಿಲಿಮೀಟರ್. ಇನ್ನೂ ಜಾಸ್ತಿ ಬಂದರೆ ಸೆಲ್ಫ್ ವೇಟ್ ನೋಡಿ. ಡೆಡ್ ಅನ್ನುವ ಪ್ಯಾಟರ್ನ್‌ಗೆ ಸೆಲ್ಫ್ ವೇಟ್ ಗುಣಕ 1 ಅಂತ ಮೊದಲೇ ಇರುತ್ತದೆ, ನಿಮ್ಮ 10 ಕಿಲೋನ್ಯೂಟನ್ ಜೊತೆ ಬೀಮ್‌ನ ತೂಕವೂ ಸೇರಿಕೊಂಡಿರುತ್ತದೆ.

ಚಿಹ್ನೆಯನ್ನೂ ಇಲ್ಲೇ ಕಲಿಯಬಹುದು. ಯು3 ಮೈನಸ್ ಬರಬೇಕು, ತುದಿ ಕೆಳಗೆ ಹೋಗಿದೆ. ಆರ್2 ಮಾತ್ರ ಪ್ಲಸ್ ಬರುತ್ತದೆ. ಇದನ್ನು ನೋಡಿ ತಪ್ಪು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಬಲಗೈ ಹೆಬ್ಬೆರಳನ್ನು ವೈ ಅಕ್ಷದ ಕಡೆ ಹಿಡಿದು ಉಳಿದ ಬೆರಳು ಮಡಚಿ ನೋಡಿ, ಬೆರಳುಗಳು ಜಡ್‌ನಿಂದ ಎಕ್ಸ್ ಕಡೆ, ಎಕ್ಸ್‌ನಿಂದ ಕೆಳಕ್ಕೆ ಸುತ್ತುತ್ತವೆ. ಎಕ್ಸ್ ಉದ್ದಕ್ಕೂ ಮಲಗಿದ ಬೀಮ್‌ನ ತುದಿ ಬಾಗುವುದೂ ಹಾಗೆಯೇ.

ದೊಡ್ಡ ಮಾಡೆಲ್‌ನಲ್ಲಿ ಇಷ್ಟಾದರೂ ಮಾಡಿ: ಬಿಗಿದ ಸಪೋರ್ಟ್‌ಗಳಲ್ಲಿ ಸೊನ್ನೆ ಇದೆಯಾ, ಸಮಪಾರ್ಶ್ವದ ಮಾಡೆಲ್‌ಗೆ ಸಮಪಾರ್ಶ್ವದ ಲೋಡ್ ಕೊಟ್ಟಾಗ ಎರಡೂ ಬದಿ ಒಂದೇ ತರಹ ಬಂದಿದೆಯಾ, ಒಂದೆರಡು ಜಾಯಿಂಟ್‌ಗಳ ನಂಬರ್ ಪರದೆಯಲ್ಲಿ ಕ್ಲಿಕ್ ಮಾಡಿದಾಗ ಕಾಣುವುದಕ್ಕೆ ಹೊಂದುತ್ತದಾ.

ಡಿಸ್‌ಪ್ಲೇಸ್‌ಮೆಂಟ್ ಕಿಲೋಮೀಟರ್ ಲೆಕ್ಕದಲ್ಲಿ ಬಂದಿದೆ.

ಎಲ್ಲೋ ಏನೋ ಸಡಿಲ ಇದೆ. ಎರಡೂ ತುದಿಯಲ್ಲಿ ತಿರುಚು ಬಿಡುಗಡೆ ಮಾಡಿದ ಫ್ರೇಮ್, ಯಾವುದಕ್ಕೂ ಅಂಟದ ಜಾಯಿಂಟ್, ಮರೆತ ಸಪೋರ್ಟ್. ಅನಾಲಿಸಿಸ್ ಲಾಗ್ ಫೈಲ್‌ನಲ್ಲಿ ಅಸ್ಥಿರತೆಯ ಎಚ್ಚರಿಕೆ ಇದೆಯಾ ನೋಡಿ, ಬಾಗಿದ ಆಕಾರವನ್ನು ಅನಿಮೇಟ್ ಮಾಡಿ. ಹಾರಿಹೋಗುವ ಭಾಗ ತಾನಾಗಿ ಕಾಣುತ್ತದೆ.

ಸಾವಿರ ಜಾಯಿಂಟ್‌ಗೆ ಲೂಪ್ ಹಾಕಿದರೆ ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ.

ಪ್ರತಿ ಕರೆಯೂ ನಿಮ್ಮ ಪ್ರೋಗ್ರಾಂನಿಂದ ಇನ್ನೊಂದು ಪ್ರೋಗ್ರಾಂಗೆ ಹೋಗಿ ಬರಬೇಕು, ಸಮಯ ಹಿಡಿಯುವುದು ಆ ಓಡಾಟಕ್ಕೆ. ಬೇಕಾದ ಜಾಯಿಂಟ್‌ಗಳನ್ನು ಒಂದು ಗ್ರೂಪ್‌ಗೆ ಸೇರಿಸಿ, ಗ್ರೂಪ್ ಹೆಸರಿನಿಂದ ಒಂದೇ ಸಲ ಕೇಳಿ. ಆಲ್ ಅನ್ನುವ ಗ್ರೂಪ್ ಯಾವಾಗಲೂ ಇರುತ್ತದೆ, ಇಡೀ ಮಾಡೆಲ್ ಬೇಕಾದರೆ ಅದು ಸಾಕು. ಹೊಸ ಆವೃತ್ತಿಗಳಲ್ಲಿ ಡೇಟಾಬೇಸ್‌ಟೇಬಲ್ಸ್ ಮೂಲಕ ಇಡೀ ಟೇಬಲ್ಲನ್ನೇ ಎತ್ತಬಹುದು, ಆದರೆ ಅಲ್ಲಿ ಎಲ್ಲವೂ ಸ್ಟ್ರಿಂಗ್ ಆಗಿ ಬರುತ್ತದೆ, ನಂಬರ್‌ಗೆ ಬದಲಿಸಿಕೊಳ್ಳಬೇಕು.

ಬೇರೆ ಸಾಫ್ಟ್‌ವೇರ್‌ಗಳಲ್ಲಿ ಇದೇ ಕೆಲಸ ಹೇಗೆ?

ಸ್ಟಾಡ್ ಪ್ರೊದಲ್ಲಿ ಓಪನ್‌ಸ್ಟಾಡ್‌ನ ಔಟ್‌ಪುಟ್ ಭಾಗದಲ್ಲಿ ಗೆಟ್‌ನೋಡ್‌ಡಿಸ್‌ಪ್ಲೇಸ್‌ಮೆಂಟ್ಸ್ ಇದೆ. ನೋಡ್ ನಂಬರ್, ಲೋಡ್ ಕೇಸ್ ನಂಬರ್, ಆರು ಜಾಗದ ಒಂದು ಅರೇ ಕೊಡಬೇಕು. ಅಲ್ಲಿ ನೋಡ್ ನಿಜವಾಗಿಯೂ ನಂಬರ್, ಸ್ಟ್ರಿಂಗ್ ಅಲ್ಲ. ರೋಬೋಟ್‌ನಲ್ಲಿ ರಿಸಲ್ಟ್ಸ್, ನೋಡ್ಸ್, ಡಿಸ್‌ಪ್ಲೇಸ್‌ಮೆಂಟ್ಸ್ ದಾರಿಯಲ್ಲಿ ವ್ಯಾಲ್ಯೂ ಕೇಳಿದರೆ ಯುಎಕ್ಸ್‌ನಿಂದ ಆರ್‌ಜಡ್‌ವರೆಗೆ ಸಿಗುತ್ತದೆ; ಪರದೆಯಲ್ಲಿ ಯಾವ ಯೂನಿಟ್ ಇದ್ದರೂ ಎಪಿಐ ಮೀಟರ್ ಮತ್ತು ರೇಡಿಯನ್‌ನಲ್ಲೇ ಕೊಡುತ್ತದೆ, ನನಗೆ ಇದು ತುಂಬಾ ಹಿಡಿಸಿದ ಗುಣ. ಓಪನ್‌ಸೀಸ್‌ನಲ್ಲಿ ನೋಡ್‌ಡಿಸ್ಪ್ ಅಂತ ಕರೆದು ನೋಡ್ ಟ್ಯಾಗ್ ಮತ್ತು ದಿಕ್ಕಿನ ನಂಬರ್ ಕೊಟ್ಟರೆ ಆ ಕ್ಷಣದ ಬೆಲೆ ಬರುತ್ತದೆ. ಇಡೀ ಇತಿಹಾಸ ಬೇಕಾದರೆ ಅನಾಲಿಸಿಸ್ ಶುರುವಾಗುವ ಮೊದಲೇ ರೆಕಾರ್ಡರ್ ಇಡಬೇಕು. ಮುಗಿದ ಮೇಲೆ ಇಟ್ಟರೆ ಹಿಂದಿನದ್ದು ಸಿಗುವುದಿಲ್ಲ. ಅಲ್ಲಿ ಯೂನಿಟ್ ಅನ್ನುವುದೇ ಇಲ್ಲ, ನೀವು ಒಳಗೆ ಯಾವುದನ್ನು ಹಾಕಿದಿರೋ ಅದೇ ಹೊರಗೆ.

ರಿಸಲ್ಟ್ ಇತ್ತು, ಈಗ ಮಾಯವಾಗಿದೆ.

ಮಾಡೆಲ್ ಅನ್‌ಲಾಕ್ ಆಗಿದೆ. ರನ್ ಆದ ಮೇಲೆ ಮಾಡೆಲ್‌ಗೆ ಬೀಗ ಬೀಳುತ್ತದೆ, ಏನಾದರೂ ತಿದ್ದಲು ಬೀಗ ತೆಗೆದ ಕ್ಷಣ ಎಲ್ಲ ರಿಸಲ್ಟ್ ಅಳಿಸಿಹೋಗುತ್ತದೆ. ಲೂಪ್‌ನಲ್ಲಿ ಸೆಕ್ಷನ್ ಬದಲಿಸುವ ಕೋಡ್ ಇದ್ದರೆ ಕ್ರಮ ಹೀಗಿರಲಿ: ರನ್, ಡಿಸ್‌ಪ್ಲೇಸ್‌ಮೆಂಟ್ ಓದಿ ನಿಮ್ಮ ಫೈಲ್‌ಗೆ ಬರೆಯುವುದು, ಆಮೇಲೆ ಸೆಟ್‌ಮಾಡೆಲ್‌ಈಸ್‌ಲಾಕ್ಡ್‌ಗೆ ಫಾಲ್ಸ್ ಕೊಟ್ಟು ಬೀಗ ತೆಗೆಯುವುದು, ಸೆಕ್ಷನ್ ಬದಲಿಸುವುದು, ಮತ್ತೆ ರನ್. ಬರೆಯುವಾಗ ಪ್ರತಿ ಸಾಲಿನಲ್ಲೂ ಜಾಯಿಂಟ್, ಕೇಸ್, ಸ್ಟೆಪ್, ಅಕ್ಷ, ಯೂನಿಟ್ ಇರಲಿ, ಜೊತೆಗೆ ಆ ರನ್‌ನಲ್ಲಿ ಯಾವ ಸೆಕ್ಷನ್ ಇತ್ತು ಅನ್ನುವುದೂ ಇರಲಿ. ಆರು ತಿಂಗಳ ನಂತರ ಆ ಫೈಲ್ ತೆರೆಯುವವರು ನೀವೇ ಆಗಿದ್ದರೂ, ಅಷ್ಟು ಹೊತ್ತಿಗೆ ನಿಮಗೆ ಅದ್ಯಾವುದೂ ನೆನಪಿರುವುದಿಲ್ಲ.